ಹದಿನಾರು ಚುಕ್ಕಿ

ಅಪ್ಪ ತೂಕದ ಕೋಲು ಮಾಡುವವನು. ಮಿಯಾವ್ ಶೌಹೆಂಗ್ ಅಂದರೆ
ವೇಯ್‌ಶಿ ಪೇಟೆಯಲ್ಲಿ ಎಣ್ಣೆಯವನಿಗೂ ಗೊತ್ತು, ಹತ್ತಿಯವನಿಗೂ ಗೊತ್ತು.
ಎಲಚಿ ಮರ ಮೂರು ವರ್ಷ ಅಟ್ಟದಲ್ಲಿ ಒಣಗಬೇಕು,
ಬೆರಳು ತಾನಾಗಿ ಜಾರುವಷ್ಟು ಉಜ್ಜಬೇಕು,
ಆಮೇಲೆ ಚುಕ್ಕಿ. ಹಿತ್ತಾಳೆ ತಂತಿ ಚುಚ್ಚಿ, ಕತ್ತರಿಸಿ, ತಟ್ಟಿ
ಒಂದು ಜಿನ್ನಿಗೆ ಹದಿನಾರು ಲಿಯಾಂಗ್, ಹದಿನಾರು ಚುಕ್ಕಿ:
ಉತ್ತರದ ಏಳು ನಕ್ಷತ್ರ, ದಕ್ಷಿಣದ ಆರು,
ಉಳಿದ ಮೂರು ಭಾಗ್ಯ, ಪದವಿ, ಆಯಸ್ಸು.
ಒಂದು ಲಿಯಾಂಗ್ ಕದ್ದವನಿಗೆ ಭಾಗ್ಯವಿಲ್ಲ, ಎರಡು ಕದ್ದವನಿಗೆ ಪದವಿಯಿಲ್ಲ,
ಮೂರು ಕದ್ದರೆ...
ಅಲ್ಲಿಗೆ ನಿಲ್ಲಿಸಿ ನನ್ನ ಮೂಗಿಗೆ ಹಿತ್ತಾಳೆ ಪುಡಿ ಹಚ್ಚುತ್ತಿದ್ದ.

ನೀರು ಬಂದದ್ದು ಗೋಧಿ ಕೊಯ್ಲಿನ ಹೊತ್ತಿಗೆ.
ಹಳದಿ ನದಿಯ ಕಟ್ಟೆ ಒಡೆದದ್ದು ಜಪಾನಿಯರ ಬಾಂಬು ಎಂದರು ಮೊದಲು.
ನಮ್ಮವರೇ ಒಡೆದರು, ಜಪಾನಿಯರನ್ನು ತಡೆಯಲಿಕ್ಕೆ ಎಂದರು ಆಮೇಲೆ.
ನೀರು ಯಾರನ್ನೂ ಕೇಳಲಿಲ್ಲ.
ಅಜ್ಜಿ ಅರವತ್ತಕ್ಕೇ ಮಾಡಿಸಿ, ವರ್ಷಕ್ಕೊಮ್ಮೆ ಬಣ್ಣ ಬಳಿಸಿಟ್ಟ
ಶವಪೆಟ್ಟಿಗೆ ದೋಣಿಯಾಯಿತು.
ಐದು ಜನ ಅದರಲ್ಲಿ ಕೂತೆವು, ಕೋಲು ಅಡ್ಡ ಇಟ್ಟು.
"ಇದು ನನ್ನ ಮನೆ, ಚಪ್ಪಲಿ ಬಿಚ್ಚಿ" ಅಂದಳು ಅಜ್ಜಿ.
ಝೆಂಗ್‌ಝೌನಲ್ಲಿ ಅದನ್ನು ಮಾರಿ ತಿಂದೆವು.
ಅವಳನ್ನು ಚಾಪೆಯಲ್ಲಿ ಸುತ್ತಿ ಹೂಳಿದೆವು,
ಯಾವ ಊರಿನ ಹತ್ತಿರ ಎಂದು ಈಗ ನೆನಪಿಲ್ಲ.

ಲುವೊಯಾಂಗ್‌ನಲ್ಲಿ ನಾಲ್ಕು ವರ್ಷ, ಊರಿನವರ ಮುರಿದ ಕೋಲು ರಿಪೇರಿ.
ಮತ್ತೆ ಮಳೆಯಿಲ್ಲ, ಮಿಡತೆ ಬಂತು,
ತೂಗಲಿಕ್ಕೆ ಏನೂ ಇಲ್ಲದ ಊರಿನಲ್ಲಿ ತೂಕದವನಿಗೇನು ಕೆಲಸ?
ಎಲ್‌ಮ್ ಮರದ ತೊಗಟೆ ತಿಂದೆವು. ಅಕ್ಕ ಯೂಚಿನ್‌ಗೆ ಆಗ ಹದಿನಾಲ್ಕು.
ಲಿಂಗ್‌ಬಾವ್ ಕಡೆಯ ಗಿರಣಿಯವರು ಸೊಸೆ ಹುಡುಕುತ್ತಿದ್ದರು.
ಮೂವತ್ತು ಜಿನ್ ನವಣೆಗೆ ಮಾತಾಯಿತು.

ಅವರು ಚೀಲ ತಂದರು. ಅಪ್ಪ ತನ್ನ ಕೋಲು ತೆಗೆದ.
ಎತ್ತಿ ಹಿಡಿದವಳು ಅಕ್ಕ.
ಅಂಗಡಿಯಲ್ಲೂ ಅವಳೇ ಹಿಡಿಯುತ್ತಿದ್ದಳು, ಕೈ ನಡುಗುವುದಿಲ್ಲವೆಂದು.
ಗುಂಡು ಸರಿಯಿತು, ಸರಿಯಿತು, ನಿಂತಿತು:
ಮೂವತ್ತು ಜಿನ್ನಿನ ಮೇಲೆ ಎರಡು ಚುಕ್ಕಿ.
ಅಪ್ಪ ಚೀಲಕ್ಕೆ ಕೈ ಹಾಕಿ ಎರಡು ಲಿಯಾಂಗ್ ತೆಗೆದು
ಗಿರಣಿಯವನ ಬೊಗಸೆಗೆ ಸುರಿದ.
"ಲೆಕ್ಕ ಲೆಕ್ಕವೇ."
ಅವನು ನಕ್ಕ. ಅಮ್ಮ ನಗಲಿಲ್ಲ, ಅಳಲಿಲ್ಲ.

ತೊಂಗ್‌ಗ್ವಾನ್ ದಾಟುವಾಗ ರೈಲಿನ ದೀಪ ಆರಿಸಿದರು.
ಆಚೆ ದಡದಿಂದ ಫಿರಂಗಿ. ನಾವು ಡಬ್ಬಿಯ ಮೇಲೆ,
ಹಗ್ಗದಲ್ಲಿ ಒಬ್ಬರಿಗೊಬ್ಬರು ಬಿಗಿದುಕೊಂಡು.
ಮಕ್ಕಳ ಬಾಯಿ ಮುಚ್ಚಿ ಎಂದರು, ರೈಲಿನ ಸದ್ದಿಗಿಂತ
ಮಕ್ಕಳ ಸದ್ದು ದೊಡ್ಡದೆಂಬಂತೆ.
ನಾನು ಕತ್ತಲಲ್ಲಿ ಹೆಬ್ಬೆರಳಿನಿಂದ ಕೋಲಿನ ಚುಕ್ಕಿ ಎಣಿಸಿದೆ.
ಹದಿನಾರಕ್ಕೆ ಹದಿನಾರೂ ಇದ್ದವು.

ಷಿಯಾನ್‌ನಲ್ಲಿ ಹಳಿಯ ಉತ್ತರಕ್ಕೆ ಚಾಪೆಯ ಗುಡಿಸಲು,
ಸುತ್ತ ಎಲ್ಲರೂ ನಮ್ಮವರೇ, ನಮ್ಮ ಮಾತೇ.
ದಿನಾ ಅಮ್ಮ ಗಂಜಿ ಬಡಿಸುವಾಗ
ಅಪ್ಪನ ಬಟ್ಟಲಿಗೆ ಎರಡು ಲಿಯಾಂಗ್ ಕಡಿಮೆ.
ಅಕ್ಕಿ ಬಂದ ಮೇಲೂ, ಯುದ್ಧ ಮುಗಿದ ಮೇಲೂ.
ಅಪ್ಪನಿಗೆ ಗೊತ್ತಿತ್ತು. ಅವನ ಕೈಗೆ ಗೊತ್ತಾಗದ ತೂಕವೇ?
ಒಂದು ದಿನವೂ ಕೇಳಲಿಲ್ಲ.

ಐವತ್ತೊಂಬತ್ತರಲ್ಲಿ ಹೊಸ ಕಾನೂನು: ಜಿನ್ನಿಗೆ ಇನ್ನು ಹತ್ತೇ ಲಿಯಾಂಗ್.
ಹಳೆಯ ಕೋಲುಗಳನ್ನೆಲ್ಲ ಸೌದೆಯಂತೆ ಗಾಡಿಗೆ ಹೇರಿದರು.
ಒಂದನ್ನು ನಾನು ಹಾಸಿಗೆಯ ಕೆಳಗೆ ತಳ್ಳಿದೆ.
"ಯಾವ ಆರು ನಕ್ಷತ್ರ ಬಿಟ್ಟೆ ಅಪ್ಪಾ?" ಅಂತ ಕೇಳಿದ್ದಕ್ಕೆ
ಅವನು ಬೇರೆಯದನ್ನೇ ಕೇಳಿದ, ಹದಿನೇಳು ವರ್ಷದ ಮೇಲೆ:
"ಆವತ್ತು ಅವಳ ಕೈ ನಡುಗಿತೇನೇ?
ನಡುಗಿದ್ದರೆ ತೂಕ ತಪ್ಪು."

ಇಲ್ಲ ಅಂದೆ.
ನಾನು ಆವತ್ತು ನವಣೆಯನ್ನು ನೋಡುತ್ತಿದ್ದೆ.